ಪೆಂಟಮ್ಮನ ತವರು

ಪೆಂಟಮ್ಮನ ಹೆಣಕ್ಕೆ ನೀರು ಸುರಿಯುತ್ತಿದ್ದ ನೆರೆಮನೆಯ ರಾಯವ್ವ ಕೈ ತಡೆದಳು. ಓಣಿಯ ಹಿರಿಯ ಲಕ್ಕಪ್ಪ ಅಂಗಳದಿಂದಲೇ ಕೂಗಿದ್ದ.

"ತವರಮನಿ ಸೀರಿ ಯಾರ ತಂದೀರಿ?"

ಹೆಂಗಸು ಸತ್ತರೆ ತವರಿನವರು ಸೀರೆ ಹೊದಿಸಬೇಕು. ಪೆಂಟಮ್ಮನ ತವರು ತೆಲುಗು ಸೀಮೆಯ ಪಾಲಮೂರಿನ ಕಡೆ ಎಲ್ಲಿಯೋ ಇತ್ತು. ನವಿಲುತೀರ್ಥದ ಅಣೆಕಟ್ಟಿಗೆ ಕಲ್ಲು ಹೊರಲು ಬಂದವಳು, ಕೆಲಸ ಮುಗಿದು ಮೂರ್ನಾಲ್ಕು ವರ್ಷವಾದರೂ ಮರಳಿರಲಿಲ್ಲ.

"ಸೀರಿ ಬರಲಿಲ್ಲಾಂದ್ರ ಊರ ಮಸಣ ಇಲ್ಲ. ಹೊಳಿದಂಡಿಗೆ ಒಯ್ಯೋದ, ದಿಕ್ಕಿಲ್ಲದವರ ಜೋಡಿ."

"ದಿಕ್ಕಿಲ್ಲದಾಕಿ? ಅರ್ಧಾ ಓಣಿಗೆ ಇಕೀನ ತವರ ಇದ್ಲಲ್ಲೋ ಯಪ್ಪಾ!" ರಾಯವ್ವ ಹೆಂಗಸರ ಕಡೆ ತಿರುಗಿದಳು. "ಹೌದಲ್ಲೇನ, ಶೆಟ್ಟೆವ್ವಾ?"

ಶೆಟ್ಟೆವ್ವ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. ಅವಳ ಪಕ್ಕದಲ್ಲಿ ಬೈಲಹೊಂಗಲದ ಬೀಗಿತ್ತಿ ತಾಯವ್ವ ಕುಳಿತಿದ್ದಳು.

* * *

ಶೆಟ್ಟೆವ್ವನೂ ಅವಳ ತಂಗಿಯೂ ಪೆಂಟಮ್ಮನ ಸೀಮೆಯಿಂದಲೇ ಕಲ್ಲು ಹೊರಲು ಬಂದವರು. ಅಣೆಕಟ್ಟು ಇನ್ನೂ ಏಳುತ್ತಿದ್ದಾಗ ತಂಗಿ ಗುಡಿಸಲಿನಲ್ಲಿ ಹೆರಿಗೆಯಾಗದೆ ಸತ್ತಳು. ಅಂದೂ ಲಕ್ಕಪ್ಪ ಇದೇ ಮಾತು ಕೇಳಿದ್ದ; ಶೆಟ್ಟೆವ್ವನ ಬಳಿ ಉಟ್ಟ ಸೀರೆಯಷ್ಟೇ ಇತ್ತು. ಪೆಂಟಮ್ಮ ತನ್ನಲ್ಲಿದ್ದ ಒಂದೇ ಒಳ್ಳೆಯ ಸೀರೆಯನ್ನು ಹೆಣದ ಮೇಲೆ ಹಾಸಿ ಅವನೆದುರು ನಿಂತಳು.

"ನೀ ಯಾರ ಪೈಕಿ ಮಾತಾಡಾಕ?"

"ಹುಡುಗಿ ತವರ ಪೈಕಿ. ಇನ್ನ ಮ್ಯಾಲೆ ಹೊರಗಿಂದ ಬಂದ ಹೆಣ್ಣಮಕ್ಕಳಿಗೆಲ್ಲಾ ನಾನ ತವರ. ಸತ್ತಾಕಿಗೆ ಮಸಣ ಕೊಡ್ರಿ. ಬದುಕಿದವರಿಗೆ ಬಾವಿ ಬಿಡ್ರಿ. ಅವರ ಮಕ್ಕಳನ್ನ ಸಾಲಿಗೆ ಕರಕೋರಿ."

"ಒಂದ ಕೊಡಾಕ ಹ್ವಾದ್ರ ಮೂರ ಕೇಳತಾಳ!"

"ನಾಲ್ಕನೇದ್ದು ನಾಳಿ ಕೇಳತೇನ್ರಿ."

ನಿಜವಾಗಿಯೂ ಮರುದಿನ ಹೋದಳು. ಎಲ್ಲವೂ ಸಿಗುವವರೆಗೆ ಹೋಗುತ್ತಲೇ ಇದ್ದಳು.

ಮಣ್ಣು ಮಾಡಿ ಬಂದ ಸಂಜೆ ಶೆಟ್ಟೆವ್ವ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಿದ್ದಳು. "ನೀ ಹ್ವಾದಾಗ ನಿನಗ ನಾ ತರತೇನಿ ಸೀರಿ."

"ಜಾಳಜಾಳ ಅರಿವಿ ತಂದೀ ಮತ್ತ! ಚಟ್ಟದ ಮ್ಯಾಲೆ ಎದ್ದ ಕುಂದರತೇನಿ."

* * *

ತಾಯವ್ವ ಬಾಗಿ ಕೇಳಿದಳು, "ಆಕಿ ನಿಮಗ ಏನ ಆಗಬೇಕ್ರೀ?"

ತಾನು ರಾಮದುರ್ಗದವಳೆಂದು ನಂಬಿಸಿಯೇ ಶೆಟ್ಟೆವ್ವ ಮಗಳನ್ನು ಆ ಮನೆಗೆ ಗೊತ್ತುಮಾಡಿದ್ದಳು. ಬರುವ ವಾರ ಲಗ್ನ.

"ಏನೂ ಇಲ್ರಿ. ಓಣಿ ಮಂದಿ. ನಮ್ಮ ತವರ ರಾಮದುರ್ಗ ಅಲ್ಲೇನ್ರಿ."

ರಾಯವ್ವ ಬಾಯಿ ತೆರೆದಳು. ಬಾಗಿಲಲ್ಲಿ ನಿಂತಿದ್ದ ಮದುಮಗಳ ಮುಖ ಕಂಡು ಮುಚ್ಚಿದಳು. ಶೆಟ್ಟೆವ್ವ ಎಲ್ಲಿಯವಳೆಂದು ಲಕ್ಕಪ್ಪನಿಗೂ ಗೊತ್ತಿತ್ತು, ಅವನು ಮೀಸೆ ಸವರಿಕೊಂಡ. ಪೆಂಟಮ್ಮನೊಂದಿಗೆ ಕಲ್ಲು ಹೊತ್ತಿದ್ದ ಹೆಂಗಸರೆಲ್ಲ ಶೆಟ್ಟೆವ್ವ ಮೊದಲು ಏಳಲಿ ಎಂದು ಕಾದಿದ್ದರು. ಅವಳು ಏಳದಿದ್ದಾಗ ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು.

"ಹಂಗಾರ ನಾ ತರತೇನಿ, ತಡೀರಿ," ಎಂದಳು ರಾಯವ್ವ.

"ನೀ ಈ ಊರ ಮಗಳು. ಆಕಿಗೆ ತವರ ಹೆಂಗ ಆಗ್ತಿ? ಹೂಂ, ಎತ್ರಿ."

ಚಟ್ಟ ಮಸಣದ ದಾರಿ ಬಿಟ್ಟು ಹೊಳೆಯ ಕಡೆ ತಿರುಗಿತು. ಹೆಂಗಸರ ಅಳು ಎದ್ದಿತು. ಶೆಟ್ಟೆವ್ವನ ಗಂಟಲಿನಿಂದ ಅಳು ತೆಲುಗಿನಲ್ಲಿ ಹೊರಟಿತು. ಮೊದಲ ಮಾತಿಗೇ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ತಾಯವ್ವ ಅವಳ ಬೆನ್ನು ಸವರಿದಳು. "ಎಷ್ಟ ಅಂತಃಕರಣರೀ ನಿಮ್ದು, ಓಣಿ ಮಂದಿಗೂ ಇಷ್ಟ ಮರಗತೀರಿ."

ಶೆಟ್ಟೆವ್ವ ಸೆರಗನ್ನು ಇನ್ನೂ ಒಳಕ್ಕೆ ತುರುಕಿದಳು.