ಮಾರಿಗೊಂದು ಗೇಣು

ಇಪ್ಪತ್ತೆರಡು ವರ್ಷ ನಮ್ಮ ಭಾವನ ಜೀವ ನನ್ನ ಕೈಯಲ್ಲಿತ್ತು. ಬಡಾಯಿ ಕೊಚ್ಚುತ್ತಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಅವರು ಬಂದರಿನ ಮುಳುಗುಗಾರರು. ತಾಮ್ರದ ಹೆಲ್ಮೆಟ್ ಹಾಕಿಕೊಂಡು ಸಮುದ್ರದ ತಳಕ್ಕೆ ಇಳಿಯುತ್ತಿದ್ದರು. ನಾನು ದೋಣಿಯಲ್ಲಿ ಕೂತು ಅವರ ಸೊಂಟದ ಹಗ್ಗ ಬಿಡುತ್ತಿದ್ದೆ. ಕೆಳಗಿನಿಂದ ಎರಡು ಸಲ ಜಗ್ಗಿದರೆ ಇನ್ನೂ ಬಿಡು ಎಂದರ್ಥ, ಮೂರು ಸಲ ಜಗ್ಗಿದರೆ ಮೇಲಕ್ಕೆ ಎಳೆ ಎಂದು. "ಇವನು ನನ್ನ ಹಗ್ಗ ಬಿಟ್ರೆ ಇವನನ್ನ ಇವನಕ್ಕ ಬಿಡ್ತಾಳಾ? ಅದಕ್ಕೇ ಹೆಂಡ್ತಿ ತಮ್ಮನ್ನೇ ಇಟ್ಕೊಂಡಿರೋದು" ಎಂದು ಎಲ್ಲರೆದುರು ನಗುತ್ತಿದ್ದರು.

ಮಗುಚಿದ ಹಡಗಿನ ಹೊಟ್ಟೆಯಿಂದ ಮೂವರನ್ನು ಜೀವಂತ ಹೊರತಂದ ಮೇಲೆ ಜನ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಬಂದರಿನ ಕಚೇರಿಯ ಗೋಡೆಯಲ್ಲಿ ಇವತ್ತಿಗೂ ಅವರ ಫೋಟೋ ಇದೆ. ಭಾವನಿಗೆ ಅದೆಲ್ಲ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ನೋಡುವುದು. ಯಾವ ಆಳದಲ್ಲಿ ಯಾವ ಮೀನು, ಎಲ್ಲಿ ಬೆಳಕು ಮುಗಿಯುತ್ತದೆ, ಎಲ್ಲಿ ನೀರು ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ, ಎಲ್ಲವನ್ನೂ ಮೈ ಒರೆಸಿಕೊಳ್ಳುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅಕ್ಕ ಏರಿಗೆ ಎಳೆದರೆ ಭಾವ ನೀರಿಗೆ ಎಳೆಯುವವರು. ನಡುವೆ ಸಿಕ್ಕಿಕೊಂಡವನು ನಾನು.

ಮೂವತ್ತು ಮಾರಿಗಿಂತ ಕೆಳಗೆ ಇಳಿಯಕೂಡದು ಎಂಬುದು ಬಂದರಿನ ನಿಯಮ. ಒಂದು ಮಾರೆಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಮಾರಿಗೊಂದರಂತೆ ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದೆವು. ಪಕ್ಕದ ಮನೆಯ ಮುಳುಗುಗಾರ ಒಮ್ಮೆ ಅಷ್ಟು ಆಳದಿಂದ ಮೇಲೆ ಬಂದವನು ಮತ್ತೆ ಎದ್ದು ನಡೆಯಲಿಲ್ಲ. ಆ ವಾರವೇ ಅಕ್ಕ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು.

"ಮೂವತ್ತು ಅಂದ್ರೆ ಮೂವತ್ತು ಮುಟ್ಟಿಯೇ ಬರೋ ಮನುಷ್ಯ ಅವರು. ನಾನು ಬೇಡ ಅಂದ್ರೆ ಕೇಳ್ತಾರಾ? ನೀನು ಮಾರಿಗೊಂದು ಗೇಣು ಕಡಿಮೆ ಮಾಡಿ ಬಟ್ಟೆ ಕಟ್ಟು ಕಣೋ. ಅವರಿಗೆ ಗೊತ್ತಾಗೋದು ಬೇಡ."

ಕಟ್ಟಿದೆ. ಮೂವತ್ತು ಮಾರಿಗೆ ಮೂವತ್ತು ಗೇಣು ಎಂದರೆ ಹೆಚ್ಚುಕಡಿಮೆ ನಾಲ್ಕು ಮಾರು. ಅಂದಿನಿಂದ ಭಾವ ಮೂವತ್ತು ಎಂದುಕೊಂಡು ಇಳಿದದ್ದೆಲ್ಲ ಇಪ್ಪತ್ತಾರೇ. ಅವರು ಆ ಹಗ್ಗವನ್ನು ಒಮ್ಮೆಯೂ ಅಳೆದು ನೋಡಲಿಲ್ಲ. ಅಳೆದರೆ ನನ್ನನ್ನೇ ಅನುಮಾನಿಸಿದ ಹಾಗೆ ಎಂದುಕೊಂಡಿದ್ದರೋ ಏನೋ.

ಮರುವರ್ಷ ಅವರಿಗೆ ಆ ಗುಂಡಿ ಸಿಕ್ಕಿತು. ಬಂದರಿನ ಆಚೆ, ಬೇರೆ ಯಾರೂ ಅಳೆಯದ ನೀರಿನಲ್ಲಿ, ನೆಲ ಬಾಯಿ ತೆರೆದುಕೊಂಡಿತ್ತು. ಅದರ ಅಂಚಿನಲ್ಲಿ ನಿಂತು ಭಾವ ಹಗ್ಗವನ್ನು ಎರಡು ಸಲ ಜಗ್ಗಿದರು. ನನ್ನ ಕೈಗೆ ಮೂವತ್ತನೆಯ ಬಟ್ಟೆ ಬಂದಿತ್ತು. ನಿಜವಾದ ಮೂವತ್ತಕ್ಕೆ ಇನ್ನೂ ನಾಲ್ಕು ಮಾರು ಇದೆ ಎಂದು ಈ ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬಿಡಬಹುದಿತ್ತು. ಬಿಡಲಿಲ್ಲ. ನಿಯಮ ಮೀರದ ಮನುಷ್ಯ ಮೂರು ಸಲ ಜಗ್ಗಿ ಮೇಲೆ ಬಂದರು.

ಅಲ್ಲಿಂದ ಮೂವತ್ತೊಂದು ವರ್ಷ ಒಂದೇ ಮಾತು: "ಇನ್ನು ಎರಡು ಮೂರು ಮಾರು ಇಳಿದಿದ್ರೆ ಒಳಗೇನಿದೆ ಅಂತ ನೋಡ್ಬಿಡ್ತಿದ್ದೆ ಕಣೋ." ಕೆಲಸ ಬಿಟ್ಟ ಮೇಲೂ ಅವರ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಬೆಳಗಾದರೆ ಕಟ್ಟೆಯ ತುದಿಗೆ ಹೋಗಿ ನೀರು ನೋಡುತ್ತಾ ನಿಲ್ಲುವರು. "ಸಮುದ್ರ ಏನು ಓಡಿ ಹೋಗುತ್ತಾ?" ಎಂದು ಅಕ್ಕ ರೇಗುವಳು.

ಈ ವರ್ಷ ಅದೂ ಓಡಿ ಹೋಗುವ ಹಾಗಾಯಿತು. ಬಂದರಿನಲ್ಲಿ ತೆಗೆದ ಹೂಳನ್ನೆಲ್ಲ ಆ ಗುಂಡಿಗೆ ಸುರಿಯುತ್ತಾರೆಂದು ಸುದ್ದಿ ಬಂತು. ಅರವತ್ತೆಂಟರ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಳೆಯ ನೋಟ್‌ಬುಕ್ ಹಿಡಿದು ಕಚೇರಿಗೆ ಹೋಗಿ, ಒಂದೇ ಒಂದು ಸಲ ಇಳಿಸಿ ಎಂದು ಬೇಡಿಕೊಂಡರು. ಯಾರ ಮುಂದೆಯೂ ಕೈ ಚಾಚಿದವರಲ್ಲ ಅವರು. ನಾನು ಬಾಗಿಲ ಬಳಿ ನಿಂತು ಗೋಡೆ ನೋಡುತ್ತಿದ್ದೆ. ಅಧಿಕಾರಿ ಒಳ್ಳೆಯವನು. "ನಿಮ್ಮ ಎದೆ ತಡೆಯಲ್ಲ ಸರ್. ಸೋಮವಾರ ಕ್ಯಾಮೆರಾ ಇಳಿಸ್ತೀವಿ, ಬಂದು ನಮ್ಮ ಜೊತೆ ಕೂತು ನೋಡಿ" ಎಂದ.

ಸೋಮವಾರ ಕಿಟಕಿಗೆ ಪರದೆ ಎಳೆದ ಕೋಣೆಯಲ್ಲಿ ಕೂತೆವು. ಇಂಜಿನಿಯರ್ ಹುಡುಗಿ ಬಟನ್ ಒತ್ತುತ್ತಾ ಕ್ಯಾಮೆರಾದ ಯಂತ್ರವನ್ನು ಇಳಿಸಿದಳು. ಟಿ.ವಿ. ಪರದೆಯ ಮೇಲೆ ಆ ಅಂಚು ಕಂಡಾಗ ಭಾವ ನನ್ನ ಮಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಸರ್, ನಿಮ್ಮ ನೋಟ್‌ಬುಕ್‌ನಲ್ಲಿ ಅಂಚು ಮೂವತ್ತು ಮಾರು ಅಂತಿದೆ. ಇಲ್ಲಿ ಇಪ್ಪತ್ತಾರು ಬರ್ತಿದೆ" ಎಂದಳು ಅವಳು. "ಹಗ್ಗದ ಅಳತೆ ತಪ್ಪಿರಬೇಕು."

"ಹಗ್ಗ ಸರಿಯಾಗಿತ್ತಮ್ಮ" ಎಂದರು ಭಾವ. "ಹಗ್ಗ ಇವನ ಕೈಲಿತ್ತು. ಬರ್ಕೊಂಡಿದ್ದು ನಾನು, ತಪ್ಪು ನಂದೇ. ತಿದ್ದಿಬಿಡಿ."

ಯಂತ್ರ ಗುಂಡಿಯೊಳಗೆ ಇಳಿಯಿತು. ಇಪ್ಪತ್ತೊಂಬತ್ತಕ್ಕೆ ತಳ ಸಿಕ್ಕಿತು. ಅಲ್ಲಿ ಬಿಳಿ ಮರಳು ಕೊತಕೊತ ಕುದಿಯುತ್ತಿತ್ತು; ನೆಲದೊಳಗಿಂದ ಸಿಹಿನೀರಿನ ಚಿಲುಮೆ ಉಕ್ಕುತ್ತಿದೆ ಎಂದಳು ಹುಡುಗಿ. ಅದರ ಸುತ್ತ, ಒಳಗಿನ ಕರುಳು ಕಾಣುವಷ್ಟು ತೆಳ್ಳಗಿನ ಸಣ್ಣ ಜೀವಿಗಳು ಸಾವಿರಗಟ್ಟಲೆ ಸುತ್ತುತ್ತಿದ್ದವು. ಅಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಭಾವ ಎದ್ದು ಹೋಗಿ ಪರದೆಯ ಗಾಜಿನ ಮೇಲೆ ಅಂಗೈ ಇಟ್ಟರು. ಒಂದು ನಿಮಿಷವೂ ಆಗಿರಲಿಲ್ಲ, "ತಳ ಸಿಕ್ತಲ್ಲ, ಸಾಕು" ಎಂದು ಅವಳು ಯಂತ್ರವನ್ನು ಮೇಲಕ್ಕೆಳೆದಳು. ಅವಳ ಕೆಲಸ ಅಷ್ಟೇ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಭಾವ ತಮ್ಮನ್ನೇ ಬೈದುಕೊಂಡರು. "ನಾಲ್ಕು ಮಾರು ತಪ್ಪು ಅಂದ್ರೆ ಏನು! ಇನ್ನು ಆ ನೋಟ್‌ಬುಕ್‌ಗಳಲ್ಲಿ ಏನೇನು ತಪ್ಪು ಬರೆದಿದೀನೋ. ಒಲೆಗೆ ಹಾಕ್ಬೇಕು ಎಲ್ಲಾನೂ."

ಅದನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹಗ್ಗದಂಗಡಿಯ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕನ ಹೆಸರು ಮಾತ್ರ ಎತ್ತಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ನನ್ನ ಕೈಗಳನ್ನೇ ನೋಡಿದರು.

"ಅವಳು ಹೇಳಿದ್ಳಾ?"

ನಾನು ತಲೆ ತಗ್ಗಿಸಿದೆ. ಅವರು ಮುಂದೆ ನಡೆದರು.

ಬಾಗಿಲಲ್ಲೇ ಕಾಯುತ್ತಿದ್ದ ಅಕ್ಕ, "ಏನಿತ್ತು ರೀ ಅದರಲ್ಲಿ?" ಎಂದಳು.

"ಕೆಸರು ಕಣೇ. ಬರೀ ಕೆಸರು" ಎಂದರು ಭಾವ. "ಅವತ್ತು ಮೇಲೆ ಬಂದಿದ್ದೇ ಒಳ್ಳೇದಾಯ್ತು."

ಅಕ್ಕನ ಮುಖ ಒಮ್ಮೆಲೇ ಹಗುರವಾಯಿತು. "ಕೆಸರಿಗೋಸ್ಕರ ಇಷ್ಟು ವರ್ಷ ನನ್ನ ತಲೆ ತಿಂದ್ರಾ?" ಎಂದು ಜೋರಾಗಿ ನಕ್ಕಳು. ಭಾವನೂ ನಕ್ಕರು. ಚಹಾ ಕುಡಿದೆವು. ಅವರು ಎರಡನೆಯ ಲೋಟವನ್ನೂ ಕೇಳಿ ಹಾಕಿಸಿಕೊಂಡರು.

ಹೊರಟಾಗ ಎಂದಿನಂತೆ ಗೇಟಿನ ತನಕ ಬಂದರು.

"ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬೇಡ" ಎಂದರು. "ಹೆದರಿದ್ಲು, ಕೇಳಿದ್ಲು. ಅದರಲ್ಲಿ ತಪ್ಪೇನಿಲ್ಲ. ಆದ್ರೆ ಹಗ್ಗ ಹಿಡಿದಿದ್ದೋನು ನೀನು ಕಣೋ."

"ಭಾವ..."

"ಸ್ವಲ್ಪ ದಿನ ಈ ಕಡೆ ಬರ್ಬೇಡ."

ಎಷ್ಟು ದಿನ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.