ಹಿಂದಿನ ಸೀಟಿನ ಭಾರ

"ಹಿಂದೆ ಎಷ್ಟು ಜನ ಕೂತುಕೊಳ್ಳುವುದು ಪೊರ್ಬುಗಳೇ?"

ಹಿಂಬದಿಯ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಟಯರಿಗೂ ಅದರ ಮೇಲೆ ಕಮಾನಾಗಿ ಬಾಗಿದ ಫೆಂಡರಿಗೂ ನಡುವಿನ ಸಂದಿಯಲ್ಲಿ ಬೆರಳು ತೂರಿಸುತ್ತ ಸುಕೇಶ್ ಕೇಳಿದ. ಕಾಪುವಿನ ಹೆದ್ದಾರಿ ಬದಿಯಲ್ಲಿರುವ ತನ್ನ ಟಯರ್ ಅಂಗಡಿಗೆ ಬಂದವರನ್ನೆಲ್ಲ ಅವನು ಹೀಗೆಯೇ ಕೇಳುತ್ತಾನೆ; ಕ್ರೈಸ್ತರಾದರೆ ಪೊರ್ಬುಗಳೇ ಎಂದು ಸೇರಿಸುತ್ತಾನೆ. ಜನ ಯೋಚಿಸದೆ ಉತ್ತರ ಹೇಳಿಬಿಡುತ್ತಾರೆ. ಗಾಡಿ ತಂದಿದ್ದ ಕಾರ್ಲ್ಟನ್ ಮಾತ್ರ ಪರೀಕ್ಷೆಯಲ್ಲಿ ಪಾಠದಲ್ಲಿಲ್ಲದ ಪ್ರಶ್ನೆ ಎದುರಾದವನ ಹಾಗೆ ನಿಂತುಬಿಟ್ಟ.

"ಇಬ್ಬರು," ಎಂದ ಕೊನೆಗೆ. "ಮಗಳು ಶಾರ್ಲೆಟ್, ಮತ್ತೆ ಹೆಂಡತಿಯ ತಾಯಿ. ಹೆಂಡತಿ ಮುಂದೆ. ತಾಯಿ ಸ್ವಲ್ಪ ದಪ್ಪ."

"ದಪ್ಪ ಅಂದರೆ?"

"ಅವರೊಬ್ಬರನ್ನೇ ಇಬ್ಬರು ಅಂತ ಹಿಡಿಯಿರಿ."

ಸುಕೇಶ್ ನಕ್ಕ. ಕಾರ್ಲ್ಟನ್ ನಗಲಿಲ್ಲ, ಅವನ ಕಣ್ಣು ಕಾರಿನ ಮೇಲಿತ್ತು. ಶಾರ್ಲೆಟ್ ಹುಟ್ಟಿದ ವರ್ಷ ರಜೆಯಲ್ಲಿ ಬಂದಾಗ ಕೊಂಡಿದ್ದ ಮಾರುತಿ ಎಸ್ಟೀಮ್ ಅದು. ಅವನು ಬಹರೈನ್‌ನ ಗ್ಯಾರೇಜಿನಲ್ಲಿ ಡೆಂಟಿಂಗ್ ಕೆಲಸ ಮಾಡುತ್ತಿದ್ದಷ್ಟು ಕಾಲವೂ ಟಾರ್ಪಾಲಿನ ಅಡಿಯಲ್ಲಿ ನಿದ್ದೆ ಮಾಡಿತ್ತು. ಅಲ್ಲಿನ ಶ್ರೀಮಂತ ಹುಡುಗರ ಕಾರುಗಳಿಗೆ ಫೆಂಡರ್ ಕೊರೆದು, ತಗಡು ಬೆಸೆದು, ಅಗಲ ಮಾಡಿಕೊಟ್ಟು ಮಾಡಿಕೊಟ್ಟು ಅವನಿಗೆ ಇದ್ದದ್ದು ಒಂದೇ ಆಸೆ: ಊರಿಗೆ ಹೋದಮೇಲೆ ತನ್ನದೊಂದಕ್ಕೆ ಹೀಗೆ ಮಾಡಬೇಕು. ಮಾಡಿದ. ಇನ್ನಂಜೆಯ ಮನೆಯ ಪೋರ್ಟಿಕೋದಲ್ಲಿ ಒಂದಿಡೀ ಮಳೆಗಾಲ ಒಬ್ಬನೇ ಬಡಿದು, ಉಜ್ಜಿ, ಕಡುನೀಲಿ ಬಣ್ಣ ಹೊಡೆದ. ಬಡಕಲು ಎಸ್ಟೀಮ್‌ಗೆ ಭುಜ ಬಂದಿತ್ತು. ಇನ್ನು ಆ ಭುಜಕ್ಕೆ ತಕ್ಕ ಚಕ್ರ ಬೇಕಾಗಿತ್ತು.

ಸುಕೇಶ್ ತೆಗೆದಿಟ್ಟದ್ದು ಎರಡು ಬಗೆ. ಒಂದು ಹದಿನೈದು ಇಂಚಿನ, ಅಗಲವಾದ ಅಲಾಯ್ ಚಕ್ರ. ಫೆಂಡರಿನ ಅಂಚಿನವರೆಗೂ ತುಂಬಿಕೊಳ್ಳುವಂಥದ್ದು. ಇನ್ನೊಂದು ಹದಿನಾಲ್ಕರದ್ದು, ಸಪೂರ, ಒಳಗೆ ಸರಿದು ಕೂರುವಂಥದ್ದು. ಮೊದಲು ಹದಿನೈದನ್ನೇ ಹಾಕಿ ಗಾಡಿಯನ್ನು ಜಾಕಿನಿಂದ ಇಳಿಸಿದಾಗ ರಸ್ತೆಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡಿದರು. ಕಾರ್ಲ್ಟನ್ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ. ಆಗ ಸುಕೇಶ್ ಡಿಕ್ಕಿಯ ಮೇಲೆ ಎರಡೂ ಕೈ ಊರಿ ಒತ್ತಿದ. ಗಾಡಿ ತಗ್ಗಿತು. ಫೆಂಡರಿನ ಅಂಚು ಇನ್ನೇನು ಟಯರಿಗೆ ಮುಟ್ಟುವಷ್ಟು ಹತ್ತಿರ ಬಂತು.

"ಅಳತೆ ತೆಗೆಯುವಾಗ ಒಳಗೆ ಯಾರನ್ನಾದರೂ ಕೂರಿಸಿದ್ದಿರಾ?"

"ಯಾರನ್ನು ಕೂರಿಸುವುದು?" ಎಂದು ಬಾಯಿ ತಪ್ಪಿ ಬಂದುಹೋಯಿತು.

ಅಷ್ಟು ವರ್ಷ ಅದೇ ಕೆಲಸದಲ್ಲಿ ಕೈ ಸವೆಸಿದವನು ಖಾಲಿ ಗಾಡಿಗೆ ಅಳತೆ ತೆಗೆದಿದ್ದ. ಅವನನ್ನು ಬೈದು ಪ್ರಯೋಜನವಿಲ್ಲ. ಬಹರೈನ್‌ನ ಆ ಕಾರುಗಳಲ್ಲಿ ಕೂರುತ್ತಿದ್ದದ್ದು ಒಬ್ಬೊಬ್ಬನೇ ಹುಡುಗ. ಇನ್ನಂಜೆಯ ಪೋರ್ಟಿಕೋದಲ್ಲಿಯೂ ಇದ್ದದ್ದು ಒಬ್ಬನೇ.

"ಫೆಂಡರ್ ಪುನಃ ಕೊರೆದರೆ ಬಣ್ಣವೆಲ್ಲ ಹೊಸತು ಆಗಬೇಕು," ಎಂದ ಸುಕೇಶ್.

"ಸಮಯ ಇಲ್ಲ. ನಾಡಿದ್ದು ಕಾರ್ಕಳದಲ್ಲಿ ಮದುವೆ. ಎಲ್ಲರೂ ಇದರಲ್ಲೇ ಹೋಗುವುದು."

"ಹಾಗಾದರೆ ಹದಿನಾಲ್ಕು ಹಾಕಿ. ನೀವೊಬ್ಬರೇ ಓಡಿಸುವುದಾದರೆ ಹದಿನೈದೇ ಚಂದ, ಏನೂ ತೊಂದರೆ ಇಲ್ಲ. ಎಂತಕ್ಕೂ ಮನೆಯವರನ್ನು ಒಮ್ಮೆ ಕರೆಯಿರಿ ಮಾರಾಯ್ರೆ, ಕೂರಿಸಿಯೇ ನೋಡುವ."

ಕಾರ್ಲ್ಟನ್ ಅಂಗಡಿಯ ಹಿಂಬದಿಗೆ ಹೋಗಿ, ಹಳೆಯ ಟಯರುಗಳ ರಾಶಿಯ ಪಕ್ಕ ನಿಂತು ಮಣಿಪಾಲಕ್ಕೆ ಫೋನ್ ಮಾಡಿದ. ಹೆಂಡತಿ ಜೆನಿಫರ್ ಅಲ್ಲಿ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮಗಳು ಮತ್ತು ತಾಯಿಯೊಂದಿಗೆ ಅವಳದ್ದು ಅಲ್ಲೇ ಫ್ಲ್ಯಾಟಿನಲ್ಲಿ ವಾಸ.

"ಜೆನಿ, ಸಂಜೆ ನೀವು ಮೂವರೂ ಕಾಪುವಿಗೆ ಬರಲಿಕ್ಕೆ ಆಗುತ್ತದಾ? ಸುಮ್ಮನೆ ಕಾರಿನಲ್ಲಿ ಕೂರಲಿಕ್ಕೆ."

"ಕೂರಲಿಕ್ಕಾ?"

"ಟಯರಿನ ಸೈಜ್ ನೋಡಲಿಕ್ಕೆ ಉಂಟು. ಭಾರ ಬೇಕು."

ಜೆನಿಫರ್ ಜೋರಾಗಿ ನಕ್ಕಳು. ಅದು ಅವಳ ಹಳೆಯ ನಗು. ಕೇಳಿ ಕಾರ್ಲ್ಟನ್‌ಗೆ ಜೀವ ಬಂದ ಹಾಗಾಯಿತು. "ಅಮ್ಮನಿಗೆ ಇದನ್ನು ಹೇಳಿದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ ನೋಡು." ಆಮೇಲೆ ದನಿ ತಗ್ಗಿಸಿದಳು. "ಕಾರ್ಲ್, ಮದುವೆಗೆ ನಾವು ರೋನಿಯ ಗಾಡಿಯಲ್ಲಿ ಹೋಗುವುದಲ್ವಾ. ಪಡುಬಿದ್ರಿಯಿಂದ ಸುತ್ತು ಹಾಕಿಕೊಂಡು ಬರುತ್ತೇನೆ ಅಂದಿದ್ದಾನೆ. ಅಮ್ಮನಿಗೂ ಅದು ಹತ್ತಲಿಕ್ಕೆ ಸುಲಭ. ನೀನು ಇನ್ನಂಜೆಯಿಂದ ಸೀದಾ ಇಗರ್ಜಿಗೆ ಬಾ."

"ಇದು ಯಾವಾಗ ಮಾತಾದದ್ದು?"

"ಮಾತು ಎಂತದ್ದು? ಯಾವಾಗಲೂ ಹಾಗೆಯೇ ಅಲ್ವಾ ನಾವು ಹೋಗುವುದು?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಚುಚ್ಚೂ ಇರಲಿಲ್ಲ. ಅವನು ಊರಿನಲ್ಲಿ ಇಲ್ಲದ ಕಾಲದಲ್ಲಿ ಶಾಲೆಗೆ, ಆಸ್ಪತ್ರೆಗೆ, ಮದುವೆಗೆ ಎಲ್ಲದಕ್ಕೂ ಬಂದವನು ಅವಳ ಅಣ್ಣ ರೋನಿಯೇ. ಕಾರ್ಲ್ಟನ್ ವಾಪಸು ಬಂದಾಗ, ಶಾರ್ಲೆಟ್‌ಳ ಪಿಯುಸಿ ಮುಗಿಯಲಿ, ಇನ್ನಂಜೆಗೆ ಬರುತ್ತೇವೆ ಎಂದಿದ್ದರು. ಪಿಯುಸಿ ಮುಗಿಯಿತು, ಡಿಗ್ರಿ ಶುರುವಾಯಿತು. ಗಂಡ ಹೆಂಡತಿಯ ನಡುವೆ ಜಗಳವೇ ಆಗಿರಲಿಲ್ಲ. ಆಗಿದ್ದರೆ ಪಾದ್ರಿಗಳನ್ನು ಕೂರಿಸಿ ರಾಜಿಯಾದರೂ ಮಾಡಬಹುದಿತ್ತು. ಅವನಿಲ್ಲದೆ ಬದುಕಲು ಕಲಿತವರು ಅವನು ಬಂದಮೇಲೆ ಅದನ್ನು ಮರೆಯಲಿಲ್ಲ, ಅಷ್ಟೇ.

"ಅವರಿಗೆ ಡ್ಯೂಟಿ ಅಂತೆ," ಎಂದು ಫೋನ್ ಇಟ್ಟು ಸುಕೇಶ್‌ನ ಬಳಿ ಬಂದ ಕಾರ್ಲ್ಟನ್ ಹೇಳಿದ.

"ಅದಕ್ಕೆಂತ, ಜನರಿಗೆ ಬರವಾ?" ಸುಕೇಶ್ ರಸ್ತೆಯ ಕಡೆ ತಿರುಗಿ ಕೂಗಿದ. ಪಕ್ಕದ ಗೂಡಂಗಡಿಯ ಭುಜಂಗ ಲುಂಗಿ ಎತ್ತಿ ಕಟ್ಟಿಕೊಂಡು ಬಂದ. ಅಂಗಡಿಯ ನೆರಳಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ವಾರಿಜಾ ಬಂದಳು. ಅವಳ ನಾದಿನಿ ಬೇಬಿಯೂ ಬಂದಳು. ವಾರಿಜಾಳ ಗಾತ್ರ ನೋಡಿ ಸುಕೇಶ್, "ಇವರು ನಿಮ್ಮ ಅತ್ತೆಯ ಬದಲಿಗೆ," ಎಂದ. "ಅತ್ತೆಗೆ ಕೊಡುವ ಮರ್ಯಾದೆ ಕೊಟ್ಟರೆ ಮಾತ್ರ ಹತ್ತುವುದು," ಎಂದಳು ವಾರಿಜಾ. ಕಾರ್ಲ್ಟನ್ ಬಾಗಿಲು ತೆಗೆದು ಹಿಡಿದ.

ಮೂವರೂ ಹಿಂದೆ ಒತ್ತಿಕೊಂಡು ಕೂತರು. ಸುಕೇಶ್ ಮುಂದೆ, ಗಾಡಿ ಓಡಿಸುವ ಕಾರ್ಲ್ಟನ್‌ನ ಪಕ್ಕ. ಶಿರ್ವದ ರಸ್ತೆಯ ಮೊದಲ ಹಂಪಿನಲ್ಲೇ ಹಿಂದಿನಿಂದ ಕರ್ರೆಂದು ಸದ್ದು ಬಂತು. "ಮುಟ್ಟಿತು!" ಎಂದು ಬೇಬಿ ಕೂಗಿದಳು. ಮುಂದಿನ ಹಂಪಿನಲ್ಲಿ ಮೂವರೂ ಒಟ್ಟಿಗೆ ಕೂಗಿದರು. ಕಾರಿನೊಳಗೆ ಮೀನಿನ ವಾಸನೆ, ನಗು, ಮೊಣಕೈ ತಾಗಿದ್ದಕ್ಕೆ ಬೈಗುಳ. ಮದುವೆಗೆ ಹೊರಟ ಮನೆಮಂದಿಯ ಹಾಗಿತ್ತು. ಟಯರ್ ಮುಟ್ಟುವುದು ಗೊತ್ತಾಗಿದ್ದರೂ ಕಾರ್ಲ್ಟನ್‌ಗೆ ಗಾಡಿ ತಿರುಗಿಸಲು ಮನಸ್ಸು ಬರಲಿಲ್ಲ.

"ಮನೆಯಲ್ಲಿ ಯಾರೆಲ್ಲ ಉಂಟು?" ಎಂದು ವಾರಿಜಾ ಕೇಳಿದಳು.

"ಹೆಂಡತಿ, ಮಗಳು, ಅತ್ತೆ."

"ಪುಣ್ಯವಂತರು ನೀವು. ತುಂಬಿದ ಮನೆ."

ಕಾರ್ಲ್ಟನ್ ಹೂಂ ಎಂದ. ಇನ್ನೂ ಒಂದಷ್ಟು ದೂರ ಓಡಿಸಿದ.

"ಸಾಕಲ್ವಾ?" ಎಂದು ಭುಜಂಗನೇ ಕೇಳಬೇಕಾಯಿತು. "ಚಾ ಒಲೆಯ ಮೇಲೆಯೇ ಉಂಟು ಮಾರಾಯ್ರೆ."

ಅಂಗಡಿಯೆದುರು ಅವರು ಒಬ್ಬೊಬ್ಬರಾಗಿ ಇಳಿದಾಗ ಗಾಡಿಯ ಹಿಂಬದಿ ಸ್ವಲ್ಪ ಸ್ವಲ್ಪವೇ ಮೇಲೆದ್ದಿತು. ಸುಕೇಶ್ ಸೊಂಟದ ಮೇಲೆ ಕೈಯಿಟ್ಟು, "ಈಗ ಹೇಳಿ. ಯಾವುದು?" ಎಂದ.

ಕಾರ್ಲ್ಟನ್ ಅಗಲದ ಚಕ್ರವನ್ನು ಒಮ್ಮೆ ಸವರಿದ. ಅಷ್ಟು ಚಂದದ್ದನ್ನು ಅವನು ಯಾರ ಕಾರಿಗೂ ಕೂರಿಸಿರಲಿಲ್ಲ.

"ಹದಿನಾಲ್ಕು ಹಾಕಿ. ಮನೆಯವರು ಕೂರುವ ಗಾಡಿ."

ಚಕ್ರ ಬದಲಾಯಿಸಿ ಇಳಿಸಿದಾಗ ಫೆಂಡರಿನ ಒಳಗೆ ಟಯರ್ ಎಲ್ಲೋ ಹಿಂದೆ ಉಳಿದುಕೊಂಡಂತಿತ್ತು. ತಲೆಗಿಂತ ದೊಡ್ಡ ಟೋಪಿ ಹಾಕಿಕೊಂಡವರ ಹಾಗೆ ಕಾಣುತ್ತಿತ್ತು ಕಾರು. ಸುಕೇಶ್ ತಲೆ ಕೆರೆದುಕೊಂಡ. "ಖಾಲಿ ಕಾಣುತ್ತದೆ ಪೊರ್ಬುಗಳೇ."

"ಜನ ಕೂತರೆ ತಗ್ಗುತ್ತದೆ. ಆಗ ಸರಿ ಕಾಣುತ್ತದೆ," ಎಂದ ಕಾರ್ಲ್ಟನ್. ಹಿಂದಿನ ಬಾಗಿಲು ತೆಗೆದು ತಾನೇ ಒಳಗೆ ಹೋಗಿ ಸೀಟಿನ ನಡುವೆ ಕೂತ. ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಅವನು ಕೂತದ್ದು ಇದೇ ಮೊದಲು. ಎದುರಿಗೆ ಸ್ಟಿಯರಿಂಗ್ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ.

"ಈಗ ನೋಡಿ. ತಗ್ಗಿತಾ?"

ಸುಕೇಶ್ ಬಗ್ಗಿ ನೋಡಿದ. "ಒಬ್ಬರ ಭಾರಕ್ಕೆ ಅದು ತಗ್ಗುವುದಿಲ್ಲ," ಎಂದ ಮೆಲ್ಲಗೆ.

ಕಾರ್ಲ್ಟನ್ ಇಳಿಯಲಿಲ್ಲ. ಕಿಟಕಿಯ ಬದಿಗೆ ಸರಿದು, ಇನ್ನಿಬ್ಬರಿಗೆ ಜಾಗ ಬಿಟ್ಟು ಕೂತ.