ಕೆಮ್ಮಿನ ಮನೆ

ಭದ್ರಾವತಿಯ ಹೊಸಮನೆಯಲ್ಲಿ ನಮ್ಮ ಮನೆಗೆ ಒಂದು ನಂಬರು ಇದೆ. ಅದು ಯಾರಿಗೂ ಗೊತ್ತಿಲ್ಲ. ಕೆಮ್ಮಿನ ಮನೆ ಎಂದರೆ ಸಾಕು, ಗ್ಯಾಸ್ ಸಿಲಿಂಡರ್ ತರುವವನೂ ನೇರವಾಗಿ ಬರುತ್ತಾನೆ. ಅಜ್ಜ ಹೊನ್ನಯ್ಯ ಜಗಲಿಯ ಮೇಲೆ ಕೂತು ಹನ್ನೆರಡು ವರ್ಷ ಕೆಮ್ಮಿ ಸತ್ತ. ಐದು ವರ್ಷದಿಂದ ಅದೇ ಜಗಲಿಯಲ್ಲಿ ಅಪ್ಪ ಕೆಮ್ಮುತ್ತಿದ್ದಾನೆ. ಮದುವೆಮನೆಯಲ್ಲಿ ಯಾರಾದರೂ ಯಾವ ಮನೆತನ ಎಂದು ಕೇಳಿದರೆ, ‘ಕೆಮ್ಮಿನ ಹೊನ್ನಯ್ಯನ ಮಗ, ಮನೋಹರ’ ಎಂದು ಅಪ್ಪ ನಗುತ್ತಲೇ ಹೇಳಿಕೊಳ್ಳುತ್ತಿದ್ದ. ಊರು ಇಟ್ಟ ಅಡ್ಡಹೆಸರನ್ನು ನಾವೇ ಮನೆತನದ ಹೆಸರು ಮಾಡಿಕೊಂಡಿದ್ದೆವು.

ಅಪ್ಪ ಸಿಕ್ಕಿಬಿದ್ದದ್ದು ಆ ಹೆಸರಿನಿಂದಲೇ.

ಅಪ್ಪನದು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕೆಲಸ. ಅಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಮರಳನ್ನು ಬಡಿದು ಉದುರಿಸಿ, ಅಂಚುಗಳನ್ನು ಗ್ರೈಂಡರಿನಲ್ಲಿ ಉಜ್ಜುವುದು ಅಪ್ಪನ ಪಾಲು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದಾನೆ. ಶೆಡ್ಡಿನ ತುಂಬ ಗಿರಣಿಯ ಹಿಟ್ಟಿನಂಥ ದೂಳು. ಮೂಗಿಗೆ ಕರ್ಚೀಫು. ಮಾಸ್ಕು ಕೊಡುವುದು ಇನ್‌ಸ್ಪೆಕ್ಟರು ಬರುವ ದಿನ ಮಾತ್ರ, ಅವರು ಹೋದ ಮೇಲೆ ಅದನ್ನು ಎಣಿಸಿ ವಾಪಸ್ ತೆಗೆದುಕೊಳ್ಳುತ್ತಾರೆ.

ಕಳೆದ ತಿಂಗಳು ಕ್ಯಾಂಟೀನಿನಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಫಾರಮ್ಮಿನ ಒಂಬತ್ತನೇ ಪ್ರಶ್ನೆ: ‘ಮನೆತನದಲ್ಲಿ ಕಾಯಿಲೆ ಇದೆಯೇ? ಹೌದು / ಇಲ್ಲ.’ ಬರೆದುಕೊಳ್ಳುತ್ತಿದ್ದವನಿಗೆ ಊಟದ ಆತುರ. ಪ್ರಶ್ನೆ ಪೂರ್ತಿ ಓದದೆ ‘ಮನೆತನ?’ ಎಂದಷ್ಟೇ ಕೇಳಿದ. ಅಪ್ಪ ಅಭ್ಯಾಸಬಲದಿಂದ ಕೆಮ್ಮಿನ ಮನೆ ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಬರೆದುಕೊಳ್ಳುತ್ತಿದ್ದವನೂ ನಗುತ್ತ ‘ಹೌದು’ ಎಂಬುದಕ್ಕೆ ಸುತ್ತು ಹಾಕಿದ. ವಾರದ ಮೇಲೆ ಅಪ್ಪನ ಎದೆಯ ಎಕ್ಸ್‌ರೇ ನೋಡಿದ ಕಂಪನಿಯ ಡಾಕ್ಟರು ಅದೇ ಫಾರಮ್ಮಿನ ಕೆಳಗೆ ಒಂದು ಪದ ಬರೆದರು. ಆನುವಂಶಿಕ.

ನಾನು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಆ ಪದವನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಸೆಮಿಸ್ಟರ್ ಹಿಡಿದಿತ್ತು. ಆ ಡಾಕ್ಟರಿಗೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ.

ಕಂಪನಿ ಕೇಳಿದ್ದು ಒಂದು ಸಹಿ. ತನ್ನ ಕಾಯಿಲೆ ವಂಶದಿಂದ ಬಂದದ್ದು, ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಟ್ಟು, ಪರಿಹಾರ ಕೇಳದೆ ಅಪ್ಪ ಕೆಲಸ ಬಿಟ್ಟು ಮನೆಗೆ ಹೋಗಬೇಕು. ಹಾಗೆ ಮಾಡಿದರೆ ಸೋಮವಾರದಿಂದ ನನ್ನ ತಮ್ಮ ಆನಂದನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಅದೇ ಶೆಡ್ಡು, ಅದೇ ಗ್ರೈಂಡರು.

ಶನಿವಾರ ನಾನು ಮನೆಗೆ ಹೋದೆ. ಮರಳಿನ ದೂಳು ಶ್ವಾಸಕೋಶವನ್ನು ಕೆಡಿಸಲು ಯಾವ ವಂಶದ ಅಪ್ಪಣೆಯೂ ಬೇಡ ಎಂದು ಮೊದಲು ಹೇಳಿದೆ. ಅಜ್ಜನೂ ಭದ್ರಾವತಿಯ ಒಂದು ಎರಕದ ಶೆಡ್ಡಿನಲ್ಲಿ ಇದೇ ಮರಳು ಬಡಿದವನು ಎಂದು ನೆನಪಿಸಿದೆ. ಆಮೇಲೆ ವಂಶದ ಮಾತಿಗೂ ಬಂದೆ. ಅಡುಗೆಮನೆಯ ಶೆಲ್ಫಿನಲ್ಲಿ ಎಲ್ಲ ಡಬ್ಬಿಗಳೂ ಇರುತ್ತವೆ, ಸಾರಿನ ರುಚಿ ಯಾವ ಮುಚ್ಚಳ ತೆಗೆದೆವು ಎಂಬುದರ ಮೇಲೆ ನಿಂತಿರುತ್ತದೆ. ಜೀನುಗಳೂ ಹಾಗೆಯೇ. ದೂಳು, ಹೊಗೆ, ಹಸಿವು, ತಲೆ ತಿನ್ನುವ ಚಿಂತೆ, ಇವೆಲ್ಲ ಮುಚ್ಚಳಗಳ ಮೇಲೆ ಗುರುತು ಹಾಕುತ್ತವೆ: ಇದನ್ನು ತೆಗೆ, ಅದನ್ನು ತೆಗೆಯಬೇಡ. ಕೆಲವು ಗುರುತುಗಳು ಆಮೇಲೆ ಹುಟ್ಟುವ ಮಕ್ಕಳಿಗೂ ದಾಟಬಹುದು. ಇಲಿಗಳಲ್ಲಿ ನೋಡಿದ್ದಾರೆ. ಮನುಷ್ಯರಲ್ಲಿ ಅನುಮಾನ ಬಲವಾಗಿದೆ, ಇನ್ನೂ ಖಚಿತವಾಗಿಲ್ಲ.

ದೊಡ್ಡಪ್ಪ ಕೆಂಚಪ್ಪನ ಉದಾಹರಣೆ ಕೊಟ್ಟೆ. ಅವನು ಅಪ್ಪನ ಒಡಹುಟ್ಟಿದವನು, ಕುಂಸಿ ಹತ್ತಿರ ಶುಂಠಿ ಬೆಳೆಯುತ್ತಾನೆ. ಅರವತ್ತೊಂದಾಯಿತು, ಈಗಲೂ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಲಾರಿ ಹತ್ತಿಸುತ್ತಾನೆ. ಕೆಮ್ಮಿಲ್ಲ. ಅಜ್ಜ ಶೆಡ್ಡಿಗೆ ಸೇರುವ ಮೊದಲು ಹುಟ್ಟಿದವನು ಅವನು. ಅಪ್ಪ ಹುಟ್ಟಿದ್ದು ಸೇರಿದ ಮೇಲೆ. ನಾನು, ಆನಂದ ಹುಟ್ಟಿದ್ದು ಅಪ್ಪ ಫೌಂಡ್ರಿಗೆ ಸೇರಿದ ಮೇಲೆ. ಗ್ರೈಂಡರ್ ಮುಟ್ಟದ ನನ್ನ ಬ್ಯಾಗಿನಲ್ಲೂ ಒಂದು ಇನ್‌ಹೇಲರ್ ಇದೆ. ಇಬ್ಬರು ಅಣ್ಣತಮ್ಮಂದಿರನ್ನೂ ಒಂದು ಇನ್‌ಹೇಲರನ್ನೂ ಇಟ್ಟುಕೊಂಡು ಏನನ್ನೂ ಸಾಬೀತು ಮಾಡಲಾಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಆನಂದನನ್ನು ಆ ಶೆಡ್ಡಿನಿಂದ ದೂರ ಇಡಲು ನನಗೆ ಅಷ್ಟು ಅನುಮಾನವೇ ಸಾಕಿತ್ತು.

ಆನಂದನಿಗೆ ಸಾಕಾಗಲಿಲ್ಲ. ಐಟಿಐ ಮುಗಿಸಿ ಎರಡು ವರ್ಷ ಅಲೆದವನು ಅವನು.

“ನಿಂಗೆ ಹಾಸ್ಟೆಲ್ ಸಿಕ್ತು, ಕಾಲೇಜ್ ಸಿಕ್ತು. ನಂಗೆ ಸಿಕ್ಕಿರೋದು ಇದೊಂದು. ನಿನ್ ಡಬ್ಬಿ ಮುಚ್ಚಳ ತಗೊಂಡೋಗಿ ಪರೀಕ್ಷೇಲಿ ಬರಿ ಮಾರಾಯ್ತಿ,” ಅಂದ.

ಅಪ್ಪ ಕೆಮ್ಮು ಮುಗಿಯುವ ತನಕ ಕಾದು, ಹುಡುಗನಿಗೆ ಒಂದು ದಾರಿ ಆಗಲಿ, ಸುಮ್ಮನಿರು ಎಂದ. ನಾನು ಸುಮ್ಮನಿರಲಿಲ್ಲ. ಸೋಮವಾರ ಅವರ ಜೊತೆಯಲ್ಲೇ ಹೊರಟೆ.

ಎಚ್.ಆರ್. ವಿಭಾಗದ ಸುಘೋಷ ಎಂಬವರು ನಮ್ಮನ್ನು ಕೂರಿಸಿ ಕಾಫಿ ತರಿಸಿದರು. ಮೆತ್ತಗೆ ಮಾತಾಡುವ ಮನುಷ್ಯ. ನಾನು ಹೇಳಿದ್ದನ್ನೆಲ್ಲ ತಲೆದೂಗಿಕೊಂಡು ಕೇಳಿದರು. ಕೇಳಿ, ಜೀನ್ಸ್ ವಿಷಯ ತಮಗಿಂತ ನನಗೇ ಚೆನ್ನಾಗಿ ಗೊತ್ತು, ಮನೆಯಲ್ಲೇ ಇರುವ ಕಾಯಿಲೆಗೆ ಕಂಪನಿ ಏನು ಮಾಡಲಿಕ್ಕಾಗುತ್ತದೆ ಎಂದರು. ದೊಡ್ಡಪ್ಪನ ಮಾತು ತೆಗೆದೆ. ಒಬ್ಬ ದೊಡ್ಡಪ್ಪನಿಂದ ಅಂಕಿಅಂಶ ಆಗುವುದಿಲ್ಲವಲ್ಲ ಮೇಡಂ ಎಂದು ನಕ್ಕರು. ಅವರು ಹೇಳಿದ್ದು ಸರಿಯಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ನಾನು ಕಲಿತ ಪ್ರತಿ ಪದವನ್ನೂ ಅವರು ನನಗೇ ತಿರುಗಿಸಿ ಹಿಡಿಯುತ್ತಿದ್ದರು.

ಅಪ್ಪನ ಮುಂದೆ ಅವನ ಕಾಗದ ಇಟ್ಟರು, ಆನಂದನ ಮುಂದೆ ಸೇರ್ಪಡೆಗೆಂದು ಅದೇ ತಪಾಸಣೆಯ ಫಾರಮ್ಮು. ಅಪ್ಪ ಸಹಿ ಎಂದರೆ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯುತ್ತಾನೆ. ‘ಮನೋ’ ಎನ್ನುವವರೆಗೆ ಬರೆದಿದ್ದ.

ಆನಂದನ ಪೆನ್ನು ಒಂಬತ್ತನೇ ಪ್ರಶ್ನೆಯ ಹತ್ತಿರ ನಿಂತಿತು.

“ಇದಕ್ಕೇನ್ ಹಾಕ್ಲಿ ಸಾರ್? ಮನೆತನದಲ್ಲಿ ಕಾಯಿಲೆ ಇದೆಯೇ ಅಂತಿದೆ.”

ಸುಘೋಷ ಫೋನಿನಿಂದ ತಲೆ ಎತ್ತಲಿಲ್ಲ. “ಇಲ್ಲ ಅಂತ ಹಾಕಪ್ಪ. ಹೌದು ಅಂದ್ರೆ ಮೆಡಿಕಲ್ ಪಾಸಾಗಲ್ಲ.”

ಆನಂದ ‘ಇಲ್ಲ’ ಎಂಬುದಕ್ಕೆ ಸುತ್ತು ಹಾಕಿದ.

ಅಪ್ಪ ಬರೆಯುವುದನ್ನು ನಿಲ್ಲಿಸಿದ. ಮಗನ ಫಾರಮ್ಮನ್ನು ಎಳೆದುಕೊಂಡು ತನ್ನ ಕಾಗದದ ಪಕ್ಕದಲ್ಲಿಟ್ಟ. ಆ ಕಾಗದಕ್ಕೆ ಅಪ್ಪನ ತಪಾಸಣೆಯ ಫಾರಮ್ಮನ್ನೂ ಪಿನ್ನು ಮಾಡಿದ್ದರು. ಅದನ್ನು ತಿರುವಿ ಒಂಬತ್ತನೇ ಸಾಲಿನ ಮೇಲೆ ಬೆರಳಿಟ್ಟ. ಇನ್ನೊಂದು ಕೈಯ ಬೆರಳನ್ನು ಆನಂದನ ಒಂಬತ್ತನೇ ಸಾಲಿನ ಮೇಲಿಟ್ಟ. ಆ ಎರಡು ಬೆರಳುಗಳ ಉಗುರಿನ ಸಂದಿಯ ಕಪ್ಪು ಇಪ್ಪತ್ತಾರು ವರ್ಷದಿಂದ ಹೋಗಿಲ್ಲ.

“ನಂದ್ರಲ್ಲಿ ಹೌದು. ಇವಂದ್ರಲ್ಲಿ ಇಲ್ಲ,” ಎಂದ. “ಹಂಗಾದ್ರೆ ಇವ್ನು ನನ್ ಮಗ ಅಲ್ವಾ ಸಾರ್?”

“ಅಯ್ಯೋ ಮನೋಹರಣ್ಣ, ಅದು ಬರೀ ಫಾರ್ಮಾಲಿಟಿ.”

“ಯಾವ್ದು ಫಾರ್ಮಾಲಿಟಿ? ನಂದಾ, ಇವಂದಾ?”

ಸುಘೋಷ ಫೋನು ಕೆಳಗಿಟ್ಟರು. ಅಪ್ಪ ಇನ್ನೇನೋ ಹೇಳಲು ಹೋದ, ಕೆಮ್ಮು ಬಿಡಲಿಲ್ಲ. ಮೇಜಿನ ಅಂಚು ಹಿಡಿದು ಬಗ್ಗಿ ಬಹಳ ಹೊತ್ತು ಕೆಮ್ಮಿದ. ನಾವು ಮೂವರೂ ಅದನ್ನು ಕೇಳುತ್ತ ಕೂತಿದ್ದೆವು. ಮುಗಿದ ಮೇಲೆ ಬಾಯಿ ಒರೆಸಿಕೊಂಡು, ತನ್ನ ಕಾಗದವನ್ನೂ ಆನಂದನ ಫಾರಮ್ಮನ್ನೂ ಮಡಿಚಿ ಷರ್ಟಿನ ಜೇಬಿಗೆ ಇಟ್ಟುಕೊಂಡು ಎದ್ದ. ಆನಂದ ಏಳಲಿಲ್ಲ. ಕೈಯಲ್ಲಿ ಪೆನ್ನಿತ್ತು, ಮುಖ ಕೆಂಪಾಗಿತ್ತು.

“ಏಳೋ,” ಎಂದ ಅಪ್ಪ. ನಾನು ಎರಡು ದಿನ ಬಡಿದುಕೊಂಡರೂ ಆಗದ ಕೆಲಸ ಆ ಒಂದು ಮಾತಿನಿಂದ ಆಯಿತು. ಆನಂದ ಪೆನ್ನನ್ನು ಮೇಜಿನ ಮೇಲೆ ಎಸೆದು ಎದ್ದ.

ಗೇಟಿಗೆ ಬರುವಷ್ಟರಲ್ಲಿ ಅಪ್ಪ ಮೂರು ಸಲ ನಿಂತು ಉಸಿರು ತೆಗೆದುಕೊಂಡ. ಇವತ್ತೇ ಶಿವಮೊಗ್ಗಕ್ಕೆ ಹೋಗಿ ಕಾರ್ಮಿಕ ಇಲಾಖೆಯಲ್ಲಿ ಈ ಕಾಗದ ಕೊಡೋಣ ಎಂದೆ. ಅಪ್ಪ ಬೇಡ ಎನ್ನಲಿಲ್ಲ. ಅಷ್ಟರಲ್ಲಿ ಸೆಕ್ಯೂರಿಟಿಯವನು ಓಡಿಬಂದ. ಕಾಗದ ಕಂಪನಿಯದು, ವಾಪಸ್ ಕೊಡಬೇಕಂತೆ, ಸಾಹೇಬರು ಹೇಳಿದ್ದಾರೆ ಎಂದ.

ಅಪ್ಪ ಜೇಬಿನ ಮೇಲೆ ಕೈ ಇಟ್ಟುಕೊಂಡ.

“ಬೇಕಿದ್ರೆ ಹೊಸಮನೆಗೆ ಬಂದು ತಗೊಂಡೋಗ್ಲಿ. ಕೆಮ್ಮಿನ ಮನೆ ಎಲ್ಲಿ ಅಂತ ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ.”

ಶಿವಮೊಗ್ಗದ ಬಸ್ಸು ಬಂತು. ಆನಂದ ಕೈ ಅಡ್ಡ ಹಾಕಿ ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ.